ಬ್ರೇಕಣ್ಣ ನುಂಗಿದ ಬಿಳಿ ಮಾತ್ರೆ

ಬಸ್ ಡಿಪೊದಲ್ಲಿ ಬ್ರೇಕ್ ರಿಪೇರಿ ಮಾಡುವ ನಮ್ಮ ಬ್ರೇಕಣ್ಣ ಮುಷ್ಕರದ ದಿನ ಗೇಟಿಗೆ ಅಡ್ಡ ಮಲಗಿದವನು. ಲಾಠಿಗೂ ಜಗ್ಗದ ಆಸಾಮಿ. ಅಂಥವನ ಜಂಘಾಬಲ ಉಡುಗಿಸಿದ್ದು ಒಂದು ಮಾತ್ರೆ.

ಡಿಪೊದಲ್ಲಿ ಬ್ರೇಕಣ್ಣನೂ ಸೇರಿ ಅರ್ಧ ಜನಕ್ಕೆ ಬಿ.ಪಿ. ಎಲ್ಲರೂ ತಮ್ಮ ಮಾತ್ರೆ ಬಿಡಿಸಿ ಒಂದೇ ತಗಡಿನ ಡಬ್ಬಿಗೆ ಸುರಿಯುತ್ತಿದ್ದರು. ಟೀ ಹೊತ್ತಿಗೆ ಕೈ ಹಾಕಿದವನಿಗೆ ಸಿಕ್ಕಿದ್ದೇ ಪಾಲು. ಇದನ್ನು ಒಗ್ಗಟ್ಟು ಎನ್ನುತ್ತಿದ್ದರು. ಹೆಡ್ಡತನ ಎಂದರೂ ಇದೇ.

ಬ್ರೇಕಣ್ಣನ ಎದೆಯ ರಕ್ತನಾಳ ಕಟ್ಟಿಕೊಂಡಿತು. ತಿಂಗಳುಗಟ್ಟಲೆ ಕಾದ ಮೇಲೆ ಬೈಪಾಸಿಗೆ ದಿನ ಸಿಕ್ಕಿತು. ಅರಿವಳಿಕೆ ಕೊಡುವ ಡಾಕ್ಟರಮ್ಮ ಒಂದು ಬಿ.ಪಿ. ಮಾತ್ರೆ ತೋರಿಸಿ, "ಇದನ್ನ ಹಿಂದಿನ ದಿನದಿಂದಲೇ ಮುಟ್ಟಬೇಡಿ. ಉಳಿದದ್ದು ನಾವು ಹೇಳಿದ ಹಾಗೆ" ಎಂದಿದ್ದರು.

ಆಪರೇಷನ್ನಿನ ಬೆಳಿಗ್ಗೆ, ಡಿಪೊದಲ್ಲಿ ಟೈರ್ ಬದಲಿಸುವ ಟೈರ್ ಮಾಮ ಡಬ್ಬಿ ಸಮೇತ ವಾರ್ಡಿಗೆ ಬಂದ. "ಧೈರ್ಯಕ್ಕೊಂದು ಹಾಕ್ಕೊಳೋ." ನೀರು ಕುಡಿಯುವಂತಿಲ್ಲವೆಂದು ಬ್ರೇಕಣ್ಣ ಒಣಗಂಟಲಲ್ಲೇ ನುಂಗಿದ. ಮಾಮ ಡಬ್ಬಿ ಅಲ್ಲೇ ಬಿಟ್ಟು ಹೋದ ಮೇಲೆ ಡಾಕ್ಟರಮ್ಮನ ಮಾತು ನೆನಪಾಯಿತು. ಹೆಂಡತಿ ಬರುವಷ್ಟರಲ್ಲಿ ಇಂಗು ತಿಂದ ಮಂಗನಂತಾಗಿದ್ದ.

"ಏನ್ರೀ ಕಿತಾಪತಿ?"

"ಡಬ್ಬಿ ಮಾತ್ರೆ ನುಂಗಿದೆ ಕಣೇ."

"ಯಾವುದು?"

"ಬಿಳೀದು."

"ಅದರಲ್ಲಿರೋದೆಲ್ಲಾ ಬಿಳೀದೇ. ಹೋಗಿ ಹೇಳ್ರೀ."

"ಹೇಳಿದ್ರೆ ಆಪರೇಷನ್ ಮುಂದಕ್ಕೆ ಹಾಕ್ತಾರೆ. ಅಷ್ಟರೊಳಗೆ ಎದೆ ಕೈಕೊಟ್ರೆ?"

"ಹೇಳದೆ ಟೇಬಲ್ ಮೇಲೆ ಕೈಕೊಟ್ರೆ? ಮ್ಯಾನೇಜರ್ ಮುಂದೆ ಊರಗಲ ಬಾಯಿ, ಇಲ್ಲಿ ಬೀಗವಾ?"

ಸ್ಟ್ರೆಚರ್ ಬಂತು. ಆಪರೇಷನ್ ಕೋಣೆಯ ಬಾಗಿಲಲ್ಲಿ ಬ್ರೇಕಣ್ಣ ಘೋಷಣೆ ಕೂಗುವವನಂತೆ ಕೈ ಎತ್ತಿದ. "ಅಮ್ಮಾ, ಗಾಡಿ ನಿಲ್ಸಿ."

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. "ನಾವು ಕೊಡೋ ಮದ್ದೂ ಬಿ.ಪಿ. ಇಳಿಸುತ್ತೆ, ನಾನು ಬೇಡವೆಂದ ಮಾತ್ರೆಯೂ ಇಳಿಸುತ್ತೆ. ನೀವು ನುಂಗಿದ್ದು ಅದೇ ಇರಬಹುದು. ಎರಡೂ ಸೇರಿ ಪಾತಾಳಕ್ಕೆ ಎಳೆದ್ರೆ ಮೇಲೆತ್ತೋದು ಕಷ್ಟ. ಕಿಡ್ನಿಗೂ ಪೆಟ್ಟು."

"ಇಳಿಜಾರಲ್ಲಿ ಎರಡು ಬ್ರೇಕೂ ಒಟ್ಟಿಗೆ ಒತ್ತಿದ್ರೆ ಬಸ್ಸು ಜಾರೋ ಹಾಗೆ" ಎಂದ ಬ್ರೇಕಣ್ಣ.

"ಗೊತ್ತಿದ್ದೂ ನುಂಗಿದ್ರಾ?"

"ಬಸ್ಸಿನದು ಗೊತ್ತಿತ್ತಮ್ಮ. ನನ್ನದು ಗೊತ್ತಿರಲಿಲ್ಲ."

ಅವನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಮಾತ್ರೆಯ ಪ್ರಭಾವ ಇಳಿದ ಮೇಲೆ ಎದೆ ತೆರೆದರು. ಎಲ್ಲ ಸಲೀಸಾಗಿ ಮುಗಿಯಿತು. ಎಚ್ಚರವಾದಾಗ ಅವನ ಮೊದಲ ಮಾತು: "ಡಬ್ಬಿ ಎಲ್ಲಿ?"

"ಮನೇಲಿ. ಬಟ್ಟೆ ಸೋಪು ಹಾಕಿಟ್ಟಿದ್ದೀನಿ" ಎಂದಳು ಹೆಂಡತಿ.

ಈಗ ಡಿಪೊದಲ್ಲಿ ಅವರವರ ಮಾತ್ರೆ ಅವರವರ ಜೇಬಲ್ಲಿ. ಹಂಚಿಕೊಳ್ಳುವುದು ಟೀ ಮಾತ್ರ. ಕೆಲಸಕ್ಕೆ ಮರಳಿದ ಬ್ರೇಕಣ್ಣ ಬಸ್ಸಿನ ಜೊತೆ ಜೇಬುಗಳನ್ನೂ ತಪಾಸಣೆ ಮಾಡುತ್ತಾನೆ.

"ಒಗ್ಗಟ್ಟು ಒಡೆದೆಯಲ್ಲೋ" ಎಂದು ಟೈರ್ ಮಾಮ ಗೊಣಗಿದ.

"ಎದೇನೇ ಒಡೆಸ್ಕೊಂಡು ಬಂದೋನಿಗೆ ಅದ್ಯಾವ ಲೆಕ್ಕ, ಮಾಮ. ಎಲ್ಲಿ, ಜೇಬು ತೋರ್ಸು."