ಮೂಲನಿವಾಸಿಗಳ ಕೌನ್ಸೆಲರಮ್ಮ

ತೊಂಬತ್ತರ ದಶಕದಲ್ಲಿ ನಾನು ಲಾಸ್ ಏಂಜಲೀಸಿನಲ್ಲಿ, ಇಂಡಿಯನ್ ಅಂತಲೇ ಕರೆಯುವ ಅಲ್ಲಿನ ಮೂಲನಿವಾಸಿಗಳ ಸೇವಾಕೇಂದ್ರದ ವ್ಯಾನ್ ಓಡಿಸುತ್ತಿದ್ದೆ. ಓದಿದ್ದು ಏಳನೇ ಕ್ಲಾಸು. ಆದರೆ ಒಂದು ದಿನವೂ ತಡವಾಗಿ ಹೋದವನಲ್ಲ. ಅಲ್ಲಿನ ಕೌನ್ಸೆಲರಮ್ಮನೂ ಮೂಲನಿವಾಸಿಯೇ. ಕಷ್ಟ ಹೇಳಿಕೊಳ್ಳಲು ಬಂದವರನ್ನು ಆಕೆ ಮೇಜಿನೆದುರು ಕೂರಿಸುತ್ತಿರಲಿಲ್ಲ. ಅಡುಗೆಮನೆಗೆ ಕರೆದೊಯ್ದು ಕೈಗೆ ಈರುಳ್ಳಿ ಕೊಟ್ಟು, "ಹೆಚ್ಚುತ್ತಾ ಹೇಳು, ಅವಸರ ಇಲ್ಲ" ಅನ್ನುತ್ತಿದ್ದರು. ಅಲ್ಲಿ ಅಳಲು ಯಾರಿಗೂ ನಾಚಿಕೆಯಾಗುತ್ತಿರಲಿಲ್ಲ.

ಒಮ್ಮೆ ಸ್ಯಾನ್ ಡಿಯಾಗೋದಲ್ಲಿ ಮೂಲನಿವಾಸಿಗಳ ಪೈಕಿಯ ಆರು ವರ್ಷದ ಹುಡುಗಿಯೊಬ್ಬಳ ತಾಯಿ ಆಸ್ಪತ್ರೆ ಸೇರಿದಳು. ಚಿಕ್ಕಮ್ಮ ಸಾಕುತ್ತೇನೆಂದು ಬಂದಳು. ಹುಡುಗಿ ಅವಳನ್ನೂ "ನಮ್ಮಮ್ಮ" ಅಂದಳು. ಯಾರೋ ಸುಳ್ಳು ಹೇಳಿಕೊಟ್ಟಿದ್ದಾರೆಂದು ಮಕ್ಕಳ ರಕ್ಷಣೆ ಇಲಾಖೆಯ ಅಧಿಕಾರಿಗೆ ಅನುಮಾನ. ಮಗುವನ್ನು ಪರರ ಮನೆಗೆ ಕಳಿಸುತ್ತೇನೆಂದ. ಸುದ್ದಿ ತಿಳಿದದ್ದೇ ಕೌನ್ಸೆಲರಮ್ಮ, ನಾನು ಇಬ್ಬರೂ ವ್ಯಾನಿನಲ್ಲಿ ಅಲ್ಲಿಗೆ ಓಡಿದೆವು.

"ಸರ್, ನಮ್ಮಲ್ಲಿ ಅಮ್ಮನ ತಂಗಿಯೂ ಅಮ್ಮನೇ," ಅಂದರು ಕೌನ್ಸೆಲರಮ್ಮ. ಆತ ನಂಬಲಿಲ್ಲ. ಆಕೆ ತಮ್ಮ ಅಭ್ಯಾಸದಂತೆ ಬೆರಳು ಮಾಡದೆ, ತುಟಿ ಚಾಚಿ ನನ್ನನ್ನು ತೋರಿಸಿದರು. "ಇವನೂ ಇಂಡಿಯನ್ನೇ, ಅಸಲಿ ಮಾಲು. ಕೇಳಿ ನೋಡಿ."

"ನಮ್ಮಲ್ಲೂ ಹಾಗೇ ಸರ್. ಹೆತ್ತವಳಲ್ಲದೆ ದೊಡ್ಡಮ್ಮ, ಚಿಕ್ಕಮ್ಮ ಅಂತ ನನಗೆ ಇನ್ನೂ ಮೂವರು ಅಮ್ಮಂದಿರು. ನಾಲ್ವರ ಕೈಲೂ ಏಟು ತಿಂದಿದ್ದೇನೆ."

ಆತ ನಕ್ಕುಬಿಟ್ಟ. ಚಿಕ್ಕಮ್ಮ ತಂದುಕೊಟ್ಟಿದ್ದ ಅಕ್ಕತಂಗಿಯರ ಜನನಪತ್ರಗಳನ್ನು ಮತ್ತೊಮ್ಮೆ ಓದಿ, ಮಗುವನ್ನು ಅವಳಿಗೊಪ್ಪಿಸುವ ಕಾಗದಕ್ಕೆ ಸಹಿ ಹಾಕಿದ. ಹುಡುಗಿ ಚಿಕ್ಕಮ್ಮನ ಸೊಂಟವೇರಿ ಮನೆಗೆ ಹೋದಳು.

ವಾಪಸು ಹೊರಟ ಐದೇ ನಿಮಿಷಕ್ಕೆ ಕೌನ್ಸೆಲರಮ್ಮ ಬಾಯಿ ತೆರೆದು ಗೊರಕೆ ಹೊಡೆಯತೊಡಗಿದರು. ಮೂರು ದಿನದಿಂದ ಸರಿಯಾಗಿ ಮಲಗಿರಲಿಲ್ಲ ಪಾಪ. ನಾನು ರೇಡಿಯೋ ಆರಿಸಿ, ಲಾಸ್ ಏಂಜಲೀಸ್ ತನಕ, ಅಲ್ಲಿ ನಿಧಾನದ ಗಾಡಿಗಳಿಗೆ ಬಿಟ್ಟ ಬಲಗಡೆ ಲೇನಿನಲ್ಲೇ ಮೆಲ್ಲಗೆ ಓಡಿಸಿದೆ.