ಅಕ್ಕನಾಗಮ್ಮನ ಮೂಲಂಗಿಗೆ ಹತ್ತಿದ ಮೈಲಿಗೆ

ಕೇಳಿರಿ, ಶಿವಭಕ್ತ ಬಂಧುಗಳೇ, ಕೈಯಲ್ಲಿನ ತುತ್ತನ್ನು ಒಂದು ಗಳಿಗೆ ತಾಟಿನಲ್ಲಿಟ್ಟು ಕೇಳಿರಿ. ವಾಗದರಿಯ ಒಕ್ಕಲಗಿತ್ತಿ ಅಕ್ಕನಾಗಮ್ಮನ ಮೂಲಂಗಿಗೆ ಮೈಲಿಗೆ ಹತ್ತಿದ ಸಂಗತಿ ಇದು.

ಅಕ್ಕನಾಗಮ್ಮ ದೊಡ್ಡ ದನಿಯ ಹೆಂಗಸು. ಮದುವೆಯಾಗಿ ಬಂದ ವರ್ಷವೇ ಬಾವಿ ಮಗ್ಗುಲಿನ ತರಕಾರಿ ಮಡಿಗಳನ್ನು ಅತ್ತೆಯಿಂದ ತನ್ನ ವಶಕ್ಕೆ ತೆಗೆದುಕೊಂಡವಳು. ಅಲ್ಲಿ ಚಪ್ಪಲಿ ಮೆಟ್ಟಿ ನಡೆಯುವ ಧೈರ್ಯ ಗಂಡನಿಗೂ ಇಲ್ಲ. ಪ್ರತಿ ಸೋಮವಾರ ಮೊದಲ ಬುಟ್ಟಿ ಅಕ್ಕಲಕೋಟೆಯ ಮಠದ ದಾಸೋಹಕ್ಕೆ, ಉಳಿದದ್ದು ಸಂತೆಗೆ. ಮಗಳ ಬಾಣಂತನದಲ್ಲೂ ಆ ಬುಟ್ಟಿ ತಪ್ಪಿರಲಿಲ್ಲ. ಅವಳಿಗೆ ತಿಳಿದ ಪೂಜೆ ಅದೊಂದೇ.

ದಾಸೋಹದ ಉಸ್ತುವಾರಿ ಸೊಲ್ಲಾಪುರದ ಚಾದರ ವ್ಯಾಪಾರಿ ಶಾಂತಲಿಂಗಪ್ಪನವರದು. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಆಗಮವೆಂದು ನಂಬುವ ಮಹಾನುಭಾವರು ಅವರು. ಮಣ್ಣಿನಲ್ಲಿ ಯುರೇನಿಯಂ, ರೇಡಿಯಂ ಇವೆ, ಅವು ಬೇರಿನ ಮೂಲಕ ಕಾಯಿಪಲ್ಯಕ್ಕೆ ಏರುತ್ತವೆ ಎಂದು ಓದಿದ್ದೇ ತಡ, ಬುಟ್ಟಿಯನ್ನು ಬಾಗಿಲಲ್ಲೇ ತಡೆದರು.

“ಯವ್ವಾ, ಈ ಮಾಲ್ ಒಳಗ ಬ್ಯಾಡ. ಇದರಾಗ ಕಿರಣ ಅದಾವ.”

“ಯಾವ ಕಿರಣರೀ ಸಾವುಕಾರ್ರ? ನಮ್ಮ ಓಣ್ಯಾಗಿನ ಕಿರಣ ಪುಣೇದಾಗ ಅದಾನ. ಬುಟ್ಟ್ಯಾಗ ಬರೇ ಮೂಲಂಗಿ ಐತಿ.”

“ಚೇಷ್ಟಿ ಸಾಕು! ದೇವರ ಪಂಕ್ತಿಗೆ ಮೈಲಿಗಿ ಆಗತೈತಿ.”

ಮೈಲಿಗೆ ಎಂಬ ಮಾತು ಬಿದ್ದೊಡನೆ ಸುತ್ತಲಿದ್ದ ಹೆಂಗಸರು ಸೆರಗು ಎಳೆದುಕೊಂಡು ಸರಿದರು. ಸಂತೆಯಲ್ಲೂ ಅಂದು ಅವಳ ಪಲ್ಯವನ್ನು ಯಾರೂ ಮುಟ್ಟಲಿಲ್ಲ. ಆ ದೊಡ್ಡ ದನಿಯ ಹೆಂಗಸು ಎಸ್‌ಟಿ ಬಸ್ಸಿನಲ್ಲಿ ಸದ್ದಿಲ್ಲದೆ ಅತ್ತಳು. ದೇವರೇ ತನ್ನ ಕೈಯ ತುತ್ತನ್ನು ಬೇಡವೆಂದಂತಾಗಿತ್ತು ಅವಳಿಗೆ.

ಆದರೂ ಮುಂದಿನ ಸೋಮವಾರ ಮತ್ತೆ ಬುಟ್ಟಿ ಹೊತ್ತು ಹೋದಳು. ತಮ್ಮ ಮಾತಿಗೆ ಶಾಸ್ತ್ರದ ಮೊಹರು ಬೀಳಲೆಂದು ಶಾಂತಲಿಂಗಪ್ಪನವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅಳಿಯ ಶೈಲೇಶನನ್ನು, ಕಿರಣ ಎಣಿಸುವ ಯಂತ್ರದ ಸಮೇತ, ಕರೆಸಿಕೊಂಡಿದ್ದರು. ಅವರ ದುರ್ದೈವ, ಅಳಿಯ ಸತ್ಯವಂತ!

“ಮಾವಾರ, ಬೇರು ಸುಣ್ಣದ ಅಂಶ ಅಂತ ತಿಳಕೊಂಡು ಒಂಚೂರು ರೇಡಿಯಂ ಜಗ್ಗತೈತಿ, ಖರೆ. ಆದ್ರ ನಮ್ಮ ಎರಿಮಣ್ಣು ಅದನ್ನ ಸುಲಭಕ್ಕ ಬಿಟ್ಟುಕೊಡಂಗಿಲ್ಲ. ಕಾಳಿಗಂತೂ ಇನ್ನೂ ಕಡಿಮಿ ಏರತೈತಿ. ಅಷ್ಟು ಸಣ್ಣದು ಈ ಯಂತ್ರಕ್ಕ ಸಿಗಂಗಿಲ್ಲ. ಈ ಕಡೀ ಪಲ್ಯ ಲ್ಯಾಬಿನ್ಯಾಗ ನೋಡೀವಿ, ಹೆದರೂವಂಥಾದ್ದು ಏನಿಲ್ಲ.”

ಆದರೂ ಎಲ್ಲರ ಸಮಾಧಾನಕ್ಕೆಂದು ಹಿಡಿದ ಯಂತ್ರ ಬುಟ್ಟಿಯ ಮೇಲೆ ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತು, ಬರಿಗಾಳಿಯಲ್ಲಿ ಎಂದಂತೆಯೇ. ಬಾಗಿಲ ಬಳಿಯೇ ಪಂಕ್ತಿಯಲ್ಲಿ ಕುಳಿತಿದ್ದ ಮಾವನ ತಾಟಿನ ಪಕ್ಕದ ಉಪ್ಪಿನ ಡಬ್ಬಿಯ ಬಳಿ ಬಂದಾಗ ಮಾತ್ರ ಟಿಕಟಿಕ ಜೋರಾಯಿತು. ಬೀಪಿ ಇದ್ದವರಿಗೆಂದು ಮಾರುವ ಬೇರೆ ಬಗೆಯ ಉಪ್ಪು ಅದು.

“ಇದರಾಗ ಪೊಟ್ಯಾಸಿಯಂ ಐತಿ, ಮಾವಾರ. ಅದಕ್ಕ ಹುಟ್ಟಾ ಕಿರಣ ಇರತಾವ. ಅಪಾಯ ಏನಿಲ್ಲ, ನಮ್ಮೆಲ್ಲಾರ ಮೈಯಾಗೂ ಅದು ಐತಿ.”

ಅಕ್ಕನಾಗಮ್ಮ ಸೊಂಟಕ್ಕೆ ಕೈಯಿಟ್ಟಳು. “ಹಂಗಾರ ಏಳ್ರಿ ಸಾವುಕಾರ್ರ, ಹೊರಗ ಕೂಡ್ರಿ. ಪಂಕ್ತಿಗೆ ಮೈಲಿಗಿ!”

ಅಡುಗೆಮನೆಯವರೆಗೂ ನಗು ಹಬ್ಬಿತು. “ಒಳಗ ತಗೊಂಡು ನಡಿ, ಯವ್ವಾ,” ಎಂದು ಶಾಂತಲಿಂಗಪ್ಪನವರು ಗೋಡೆಗೆ ಹೇಳಿದರು.

ಶೈಲೇಶ ತಡೆದ. “ಅವ್ವಾರ, ಮೊದಲ ತೊಳೀರಿ. ಮೂಲಂಗಿಕಿಂತ ಅದಕ್ಕ ಹತ್ತಿದ ಮಣ್ಣಿನ್ಯಾಗನ ಆ ಯುರೇನಿಯಂ, ರೇಡಿಯಂ ಜಾಸ್ತಿ.”

“ಮಣ್ಣು ಇದ್ದರನ ತಾಜಾ ಅಂತಾರಲ್ಲಪ್ಪಾ ಮಂದಿ,” ಎಂದು ಗೊಣಗಿದರೂ ಅಕ್ಕನಾಗಮ್ಮ ಸೀರೆ ಎತ್ತಿ ಕಟ್ಟಿ ನಲ್ಲಿಯ ಕೆಳಗೆ ಕುಳಿತಳು. ತಿಕ್ಕಿ ತೊಳೆದಳು, ಪಂಕ್ತಿಯಲ್ಲಿ ಮೊದಲ ಹೋಳನ್ನು ಸಾವುಕಾರರ ತಾಟಿಗೇ ಬಡಿಸಿದಳು. ಅವರು ತಲೆ ಎತ್ತದೆ ತಿಂದರು.

ಬಂಧುಗಳೇ, ಗೆದ್ದ ಮೇಲೂ ತಿಳಿದವನ ಮಾತು ಕೇಳಿ ಕೈ ಒದ್ದೆ ಮಾಡಿಕೊಂಡ ಆ ತಾಯಿಯಂತೆ ನೀವೂ ಮಾಡಿರಿ. ತಿಳಿದವರನ್ನು ಕೇಳಿರಿ, ಪಲ್ಯದ ಮಣ್ಣು ತೊಳೆಯಿರಿ, ನಿಮ್ಮನ್ನು ಅವಮಾನಿಸಿದವನಿಗೂ ಕರೆದು ಬಡಿಸಿರಿ.