ಆಚಾರ್ರು ಮಾಡದ ಸಂಕಲ್ಪ

ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕಾಲಿಗೆ ದಪ್ಪ ಉಣ್ಣೆಯ ಸಾಕ್ಸ್ ಹಾಕಿಕೊಂಡೇ ನಮ್ಮ ಊಟದ ಕುರ್ಚಿ ಹತ್ತಿ ನಿಂತು, ಚಾವಣಿಯಲ್ಲಿದ್ದ ಹೊಗೆ ಅಲಾರಮ್ಮಿಗೆ ಪ್ಲಾಸ್ಟಿಕ್ಕಿನ ಶವರ್ ಕ್ಯಾಪ್ ತೊಡಿಸುವುದು ಆಚಾರ್ರು ಬಂದೊಡನೆ ಮಾಡುತ್ತಿದ್ದ ಮೊದಲ ಕೆಲಸ. ಗಣಪತಿಗಿಂತ ಮೊದಲು ಅದಕ್ಕೇ ಮರ್ಯಾದೆ. ಹಿಂದೆ ಯಾರದೋ ಗೃಹಪ್ರವೇಶದಲ್ಲಿ ಹೋಮದ ಹೊಗೆಗೆ ಅಲಾರಂ ಕೂಗಿ, ಅಗ್ನಿಶಾಮಕದವರ ಗಾಡಿ ಬಂದು ನಿಂತ ಮೇಲೆ ಶುರುವಾದ ಅಭ್ಯಾಸವಂತೆ. ಬಂದವರಿಗೆಲ್ಲ ಸಜ್ಜಿಗೆ ಪ್ರಸಾದ ಕೊಟ್ಟು ಕಳಿಸಿದೆ ಎಂದು ನಗುತ್ತಿದ್ದರು.

ಅವರದು ಬಾಗಲಕೋಟೆಯ ಕಡೆ. ವಾರದ ಐದು ದಿನ ನಾರ್ತ್ ಕ್ರೀಕಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಉಳಿದೆರಡು ದಿನ ಪೌರೋಹಿತ್ಯ. ಲ್ಯಾಪ್‌ಟಾಪ್ ಚೀಲದಲ್ಲೇ ಪಂಚಪಾತ್ರೆ, ಉದ್ಧರಣೆ, ದರ್ಭೆ. ಪೂಜೆಯ ಸಾಮಾನಿನ ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಕಳಿಸುತ್ತಿದ್ದರು. ಒಂದು ವೀಳ್ಯದೆಲೆ ಕಡಿಮೆಯಾದರೂ “ಬಗ್ ಅದ ನೋಡವಾ” ಎನ್ನುತ್ತಿದ್ದರು. ಮಡಿ ಮೈಲಿಗೆಯಲ್ಲಿ ಬಿಗಿ, ಮನುಷ್ಯರ ವಿಷಯದಲ್ಲಿ ಸಡಿಲ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದು ರೂಢಿಯಷ್ಟೆ? ನನ್ನ ಗೆಳತಿಯ ಅಮೆರಿಕನ್ ಗಂಡನಿಗೂ ಅದನ್ನೇ ಹೇಳಿ ಮಣೆಯ ಮೇಲೆ ಕೂರಿಸಿದ್ದರು. ಆ ಪುಣ್ಯಾತ್ಮ ಇವತ್ತಿಗೂ ಸಿಕ್ಕವರಿಗೆಲ್ಲ ತಾನು ಕಾಶ್ಯಪ ಎಂದು ಪರಿಚಯ ಮಾಡಿಕೊಳ್ಳುತ್ತಾನೆ.

ನಾನು ಅಮೆರಿಕದ ಪ್ರಜೆಯಾಗಿ ಮೊದಲ ಸಲ ಅಧ್ಯಕ್ಷರ ಚುನಾವಣೆಗೆ ಮತ ಹಾಕುವ ವರ್ಷ ಅದು. ಇಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಬಂದ ದಿನ ಅದನ್ನು ದೇವರ ಮುಂದಿಟ್ಟಿದ್ದೆ, ಅಷ್ಟು ಸಂಭ್ರಮ. ಯಾರಿಗೆ ಹಾಕಬೇಕು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಅಭ್ಯರ್ಥಿಗಳಲ್ಲಿ ಒಬ್ಬರು ಯಾವುದೋ ದೇವಸ್ಥಾನದಲ್ಲಿ ಹಾರ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೈಮುಗಿದು ನಿಂತ ಫೋಟೋ ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಓಡಾಡುತ್ತಿತ್ತು. ನನಗೆ ಅದೇ ಸಾಕಾಗಿತ್ತು. ನೀವು ನಗಬಹುದು. ಆದರೆ ಬೆಳಿಗ್ಗೆ ಪೂಜೆ ಮಾಡಿ ಹಚ್ಚಿಕೊಂಡ ಕುಂಕುಮವನ್ನು ಬಸ್ಸಿನಲ್ಲಿ ಒರೆಸಿಕೊಂಡು, ಬರಿ ಹಣೆಯಲ್ಲಿ ಡೆನ್ನಿ ಟ್ರಯಾಂಗಲ್ ಬಡಾವಣೆಯ ಆಫೀಸಿಗೆ ಇಳಿಯುತ್ತಿದ್ದವಳು ನಾನು. ನಮ್ಮ ದೇವರಿಗೆ ಕೈಮುಗಿಯುವವರು ಮೇಲೆ ಕೂತರೆ ನಮ್ಮನ್ನು ವಿಚಿತ್ರವಾಗಿ ನೋಡುವವರು ಕಡಿಮೆಯಾಗುತ್ತಾರೆ ಎಂದು ನಂಬಿದ್ದೆ.

ಆ ಹುಣ್ಣಿಮೆಗೆ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹದಿನೈದು ಮನೆಯವರು ಬಂದಿದ್ದರು. ಪೂಜೆ ಯಾರ ಹೆಸರಿನಲ್ಲಿ, ಯಾವ ಉದ್ದೇಶಕ್ಕೆ ಎಂದು ಮೊದಲು ದೇವರಿಗೆ ಅರಿಕೆ ಮಾಡುವ ಸಂಕಲ್ಪದ ಹೊತ್ತಿಗೆ ನಾನು ಬಾಯಿ ಹಾಕಿ, ಆ ಅಭ್ಯರ್ಥಿಯ ಹೆಸರನ್ನೂ ಸೇರಿಸಿ, ಅವರ ಗೆಲುವಿಗಾಗಿ ಎಂದು ಹೇಳಿ ಅಂದೆ. ಗೋತ್ರ ಕೇಳಿದರೆ ಕಾಶ್ಯಪ ಎಂದು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ನನ್ನ ಮಗಳು ಹಿಂದಿನಿಂದ, ಪ್ರೆಸಿಡೆಂಟಿಗೂ ಗೋತ್ರ ಬೇಕಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕೆಲವರು ನಕ್ಕರು.

ಆಚಾರ್ರು ನಗಲಿಲ್ಲ. ಕೈಯಲ್ಲಿದ್ದ ಉದ್ಧರಣೆಯನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. “ಇಲ್ಲೆ ಕೂತಾವ್ರ ಎಲ್ಲಾರ ಕೈಯಾಗೂ ಅಕ್ಷತಿ ಅದ ತಂಗಿ. ಇವರೊಳಗ ಅರ್ಧಾ ಮಂದಿ ಬ್ಯಾರೇದವರಿಗೆ ವೋಟು ಹಾಕಾವ್ರು ಇರಬಹುದು. ಅವರ ಕೈಯಿಂದ ಅಕ್ಷತಿ ಹಾಕಿಸಿ, ಅವರಿಗೆ ಬ್ಯಾಡಾದ್ದನ್ನ ದೇವರಿಗೆ ನಾ ಹ್ಯಾಂಗ ಕೇಳ್ಲಿ?”

ಪೂಜೆ ಮುಂದುವರಿಯಿತು. ನನ್ನ ಮುಖ ಮಾತ್ರ ಊದಿಕೊಂಡೇ ಇತ್ತು. ಊಟ ಬಡಿಸುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. ದೇವರನ್ನು ನಂಬುವವರು ದೇಶ ಆಳಿದರೆ ತಪ್ಪೇನು, ನೀವೇ ಹೀಗಂದರೆ ಹೇಗೆ ಎಂದೆ. ಅವರು ಸಾರು ಕಲಸುತ್ತಾ, ಭಕ್ತಿ ಇರುವುದು ಒಳ್ಳೆಯದೇ, ಆದರೆ ಮಂಗಳಾರತಿಯಾದ ಮೇಲೆ ತಾವು ಹೇಳುವ ಮಂತ್ರದಲ್ಲಿ ಆಳುವವರು ನ್ಯಾಯದ ದಾರಿಯಲ್ಲಿ ನಡೆಯಲಿ ಎಂದಷ್ಟೇ ಇದೆ, ಅವರು ಯಾವ ದೇವರ ಭಕ್ತರು ಎಂದು ಅದರಲ್ಲಿ ಎಲ್ಲೂ ಕೇಳಿಲ್ಲ ಎಂದರು.

“ನಿಮಗೆ ಸುಲಭ ಆಚಾರ್ರೇ,” ಎಂದೆ. “ಗಂಡಸ್ರು, ಟೋಪಿ ಹಾಕಿದ್ರೆ ಜುಟ್ಟು ಕಾಣಲ್ಲ. ನಾನು ದಿನಾ ಬಸ್ಸಲ್ಲಿ ಕುಂಕುಮ ಒರೆಸ್ಕೊಂಡು ಇಳೀತೀನಿ.”

“ನಿನ್ನ ಹಣಿಗೆ ಕುಂಕುಮ ಹಚ್ಚಾಕ ಅಧ್ಯಕ್ಷರು ಯಾಕ ಬೇಕವಾ?” ಎಂದುಬಿಟ್ಟರು.

ಹದಿನೈದು ಮನೆಯವರ ಎದುರು ಆ ಮಾತು ನನಗೆ ಚುರುಕ್ಕೆಂದಿತು. ಎಲ್ಲರೂ ಹೋದ ಮೇಲೆ ಪಾತ್ರೆ ಕೂಡ ತೊಳೆಯದೆ ಗುಂಪಿನಲ್ಲಿ ಬರೆದೆ: ‘ನಮ್ಮ ದೇವರಿಗೆ ಕೈಮುಗಿಯುವವರಿಗಾಗಿ ಪ್ರಾರ್ಥಿಸಲು ಆಚಾರ್ರು ಒಪ್ಪಲಿಲ್ಲ. ಅವರು ಆ ಕಡೆಯವರು ಅಂತ ಇವತ್ತು ಗೊತ್ತಾಯಿತು.’ ಮೊದಲ ವಾಕ್ಯ ಅರ್ಧ ನಿಜ. ಎರಡನೆಯದು ನನ್ನ ಸಿಟ್ಟು.

ಅವರಿಗೆ ಪೌರೋಹಿತ್ಯ ಹೊಟ್ಟೆಪಾಡಾಗಿರಲಿಲ್ಲ, ಪ್ರಾಣವಾಗಿತ್ತು. ಆ ವರ್ಷ ದೀಪಾವಳಿಯ ಲಕ್ಷ್ಮೀಪೂಜೆಗೆ ಅವರನ್ನು ಕರೆದವರು ಎರಡೇ ಮನೆಯವರು. ಸಂಕ್ರಾಂತಿಯ ಹೊತ್ತಿಗೆ ಗುಂಪಿನಲ್ಲಿ ಬೇರೆ ಪುರೋಹಿತರ ನಂಬರು ಓಡಾಡತೊಡಗಿತು. ಬಾತೆಲ್ಲಿನ ದಿನಸಿ ಅಂಗಡಿಯಲ್ಲಿ ಒಮ್ಮೆ ಎದುರಾದಾಗ ನಾನು ಬೇಳೆಯ ಸಾಲಿನ ಕಡೆ ತಿರುಗಿಕೊಂಡೆ. ಅವರೇ ಹಿಂದೆ ಬಂದು ಮಗಳ ಪರೀಕ್ಷೆ ಹೇಗಾಯಿತೆಂದು ಕೇಳಿದರು. ಚುನಾವಣೆಯಲ್ಲಿ ಗೆದ್ದವರು ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಆಚಾರ್ರನ್ನು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತೀರಿ.

ಮರುವರ್ಷ ಮೈಸೂರಿನಲ್ಲಿ ಅಮ್ಮ ತೀರಿಕೊಂಡರು. ವಿಮಾನದ ಟಿಕೆಟ್ ಸಿಗಲಿಲ್ಲ, ಅಣ್ಣ ಅಲ್ಲಿ ಎಲ್ಲ ಮುಗಿಸಿದ. ಮದುವೆಯಾದ ಮಗಳಿಗೆ ಮೂರು ದಿನದ ಮೈಲಿಗೆ. ಅದು ಕಳೆಯುವ ದಿನ ಬುಧವಾರ. ನನ್ನ ಗಂಡ ಮೂವರು ಪುರೋಹಿತರಿಗೆ ಫೋನ್ ಮಾಡಿದರು. ವಾರದ ನಡುವೆ ಆಗುವುದಿಲ್ಲ ಎಂದರು ಇಬ್ಬರು. ಆಫೀಸಿಗೆ ರಜೆ ಹಾಕಿ ಬಂದವರು ಆಚಾರ್ರು. ಬಾಗಿಲು ತೆಗೆದವಳು ಅಲ್ಲಿಯೇ ಅಳುತ್ತಾ, ನಾನು ಅವತ್ತು ಗುಂಪಿನಲ್ಲಿ ಬರೆದದ್ದು ತಪ್ಪು ಎಂದು ಶುರುಮಾಡಿದೆ.

“ಇವತ್ತ ಅದು ಬ್ಯಾಡ,” ಎಂದರು. “ಮೊದಲ ತಾಯಿ ಹೆಸರು ಹೇಳು.”

ಹೇಳಿದೆ. ದೀಪ ಹಚ್ಚಿಸಿ, ಅಮ್ಮನ ಹೆಸರನ್ನು ನನ್ನ ಬಾಯಿಂದಲೇ ಮೂರು ಸಲ ಹೇಳಿಸಿದರು. ಎಂಟು ಸಾವಿರ ಮೈಲಿ ದೂರದಲ್ಲಿದ್ದ ನನಗೆ ಅಮ್ಮನಿಗಾಗಿ ಏನಾದರೂ ಮಾಡಿದೆ ಅನ್ನಿಸಿದ್ದು ಆಗಲೇ. ನನ್ನ ತಪ್ಪೊಪ್ಪಿಗೆ ಮಾತ್ರ ಹಾಗೇ ಉಳಿಯಿತು. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ. ಎರಡು ವರ್ಷ ಹೀಗೇ ಅಂದುಕೊಂಡೆ.

ಈ ವಸಂತದಲ್ಲಿ ಆಚಾರ್ರು ಹೋಗಿಬಿಟ್ಟರು. ಆಫೀಸಿನಲ್ಲಿ ಕೂತಲ್ಲೇ ಎದೆನೋವು ಬಂದಿತಂತೆ. ಹದಿಮೂರನೆಯ ದಿನ ಕೆನ್ಮೋರಿನ ಅವರ ಮನೆಗೆ ಹೋಗಿ, ಊಟವಾದ ಮೇಲೆ ಅವರ ಹೆಂಡತಿ ಅಡಿಗೆಮನೆಯಲ್ಲಿ ಒಬ್ಬರೇ ಸಿಕ್ಕಾಗ ಎಲ್ಲ ಹೇಳಿಕೊಂಡೆ. ಅವರಿಗೆ ಮೊದಲೇ ಗೊತ್ತಿತ್ತು. ಕುಂಕುಮದ ಮಾತನ್ನು ತಾವು ಆಡಬಾರದಿತ್ತು, ಆ ಹುಡುಗಿಗೆ ನೋವಾಯಿತು ಎಂದು ಆಚಾರ್ರು ಎಷ್ಟೋ ದಿನ ಪೇಚಾಡಿದರಂತೆ. ತಪ್ಪು ಮಾಡಿದವಳು ನಾನು, ಪೇಚಾಡಿದವರು ಅವರು.

“ನೀವೆಲ್ಲಾ ಆ ಕಡೆಯವ್ರು, ಆ ಕಡೆಯವ್ರು ಅಂದ್ರಿ,” ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇದ ಟೇಬಲ್ ಮುಂದ ನನ್ನ ಎದುರಿಗೇ ಕೂತು ವೋಟು ಹಾಕಿದ್ರವಾ. ಯಾರಿಗೆ ಹಾಕಿದ್ರು ಅಂತ ಹೇಳ್ತೀನಿ ಕೇಳು.”

ನಾನು ಅವರ ಕೈ ಹಿಡಿದುಕೊಂಡೆ. “ಬೇಡ ಆಂಟಿ. ಹೇಳಬೇಡಿ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆಯಾಡಿಸಿ, ಕೈ ಬಿಡಿಸಿಕೊಳ್ಳದೆ ಹಾಗೇ ನಿಂತರು.

ಮನೆಗೆ ಬಂದು ಗುಂಪಿನಲ್ಲಿ ಬರೆದೆ. ಅವರು ಅವತ್ತು ಅಕ್ಷತೆಯ ಬಗ್ಗೆ ಆಡಿದ ಮಾತನ್ನು ಪೂರ್ತಿ ಬರೆದೆ, ನಾನು ಅದನ್ನು ಹೇಗೆ ತಿರುಚಿದೆ ಎಂಬುದನ್ನೂ ಬರೆದೆ. ಓದಿದವರಲ್ಲಿ ಒಬ್ಬರು, ಹಾಗಾದರೆ ಆಚಾರ್ರು ಯಾರ ಕಡೆ ಇದ್ದರು ಎಂದು ಕೇಳಿದರು.

ಗೊತ್ತಿಲ್ಲ, ನಾನು ಕೇಳಲಿಲ್ಲ ಎಂದು ಉತ್ತರಿಸಿದೆ.